ಜಗಳವಿಲ್ಲದ ಮನೆಯ ಭಾಷೆ

ನನಗೊಂದು ಕೆಟ್ಟ ಚಟವಿದೆ. ಬೀಡಿ ಬಿಟ್ಟೆ, ಎಲೆ ಅಡಿಕೆಯನ್ನು ಹಲ್ಲುಗಳೇ ಬಿಡಿಸಿದವು, ಇದೊಂದು ಮಾತ್ರ ಉಳಿದುಕೊಂಡಿತು. ಯಾರು ಏನು ಹೇಳಿದರೂ ‘ಅಂದ್ರ?’ ಎಂದು ಕೇಳುವುದು ಆ ಚಟ. ‘ಯಾಕೋ ಇವತ್ತು ಭಾಳ ಬ್ಯಾಸರ’ ಎಂದು ಒಬ್ಬ ನಿಟ್ಟುಸಿರು ಬಿಟ್ಟರೆ, ಪಕ್ಕದಲ್ಲಿ ಕೂತ ಒಳ್ಳೆಯ ಮನುಷ್ಯ ‘ಹೌದಪಾ, ಬಿಸಿಲು ನೋಡು ಹೆಂಗ ಸುಡಾಕತ್ತದ’ ಎಂದು ಅವನ ನಿಟ್ಟುಸಿರಿಗೆ ತನ್ನದೊಂದನ್ನು ಸೇರಿಸುತ್ತಾನೆ. ನಾನು ಹಾಗಲ್ಲ. ‘ಬ್ಯಾಸರ ಅಂದ್ರ? ಯಾತರದ್ದು? ಯಾವಾಗಿನಿಂದ?’ ಎಂದು ಕೇಳಿ ಅವನ ನಿಟ್ಟುಸಿರನ್ನು ಅರ್ಧಕ್ಕೇ ಕಡಿಯುತ್ತೇನೆ. ರಾಯಚೂರಿನ ಆಮ್ ತಲಾಬ್ ಕೆರೆಯ ಕಟ್ಟೆಗೆ ಬೆಳಿಗ್ಗೆ ಕೂಡಲು ಬರುವ ನಮ್ಮ ಮುದುಕರ ಗುಂಪು ನನ್ನನ್ನು ದೂರದಿಂದ ಕಂಡ ಕೂಡಲೇ ಸುಖದುಃಖ ಬಿಟ್ಟು ಪೆಟ್ರೋಲಿನ ದರದ ಮಾತಿಗೆ ಇಳಿಯುವುದು ಯಾಕೆ ಎಂದು ನನಗೆ ಬಹಳ ದಿನ ಹೊಳೆದಿರಲಿಲ್ಲ. ದರದ ವಿಷಯದಲ್ಲಿ ನಾನು ‘ಅಂದ್ರ?’ ಎನ್ನುವ ಹಾಗಿಲ್ಲವಲ್ಲ.

ಬಹಳ ಕಾಲ ಇದನ್ನು ನಾನು ಚಟ ಎಂದುಕೊಂಡಿರಲಿಲ್ಲ, ಗುಣ ಎಂದುಕೊಂಡಿದ್ದೆ. ಸಾಲದ್ದಕ್ಕೆ ನಮ್ಮ ಓಣಿಯ ಭೀಮರಾಯ ಅದಕ್ಕೊಂದು ಶಾಸ್ತ್ರದ ಬೆಂಬಲವನ್ನೂ ತಂದುಕೊಟ್ಟ. ಭೀಮರಾಯ ದೇವದುರ್ಗದ ಕಡೆಯ ಹಳ್ಳಿಯವನು. ಅವನ ತಾಯಿ ಕಂಡವರ ಗದ್ದೆಯಲ್ಲಿ ಸಸಿ ಹಚ್ಚಿ ಮಗನನ್ನು ಓದಿಸಿದವಳು. ಮಗ ಎಲ್ಲ ಬಿಟ್ಟು ತತ್ವಶಾಸ್ತ್ರ ಓದಿದ, ಈಗ ಇಲ್ಲಿಯ ಕಾಲೇಜೊಂದರಲ್ಲಿ ಅದನ್ನೇ ಕಲಿಸುತ್ತಾನೆ. ಆ ವಿಷಯ ತೆಗೆದುಕೊಳ್ಳುವ ಹುಡುಗರು ಕಡಿಮೆ. ಹಾಗಾಗಿ ಬೆಳಗಿನ ತಿರುಗಾಟದಲ್ಲಿ ನನಗೇ ಪಾಠ ಮಾಡುತ್ತಾನೆ. ನಾನು ಹತ್ತನೇ ಇಯತ್ತೆ ಪಾಸಾದವನು, ಅದೂ ಎರಡನೇ ಸಲಕ್ಕೆ. ಆದರೆ ನಡೆಯುವಾಗ ಓಡಿಹೋಗಲು ಆಗದ ವಿದ್ಯಾರ್ಥಿ ಸಿಕ್ಕರೆ ಯಾವ ಮಾಸ್ತರನಾದರೂ ಬಿಡುತ್ತಾನೆಯೇ?

ಒಂದು ದಿನ ನನ್ನ ‘ಅಂದ್ರ?’ಗಳಿಂದ ಸುಸ್ತಾಗಿ ಅವನು ನಕ್ಕ. “ಕಾಕಾ, ನಿಮ್ಮಂಥವರು ಆ ಕಡೆ ದೇಶದಾಗ ದೊಡ್ಡ ಪಂಡಿತರಾಗ್ಯಾರ. ನೀವು ಇಲ್ಲಿ ಹುಟ್ಟಿ ಕರೆಂಟ್ ಆಫೀಸ್ ಸೇರಿದ್ರಿ” ಎಂದ. ಆಮೇಲೆ ತಲಾಬನ್ನು ಸುತ್ತುತ್ತಾ ಹೇಳಿದ. ನೂರು ವರ್ಷಕ್ಕೂ ಹಿಂದೆ, ಗಣಿತದ ದಾರಿಯಿಂದ ತತ್ವಶಾಸ್ತ್ರಕ್ಕೆ ಬಂದ ಕೆಲವು ಪಂಡಿತರಿಗೆ ಒಂದು ಸಂಶಯ ಹುಟ್ಟಿತಂತೆ. ಮನುಷ್ಯ ಸಾವಿರಾರು ವರ್ಷಗಳಿಂದ ದೇವರು, ಸತ್ಯ, ಆತ್ಮ ಎಂದೆಲ್ಲ ಜಗಳಾಡುತ್ತಿದ್ದಾನೆ, ಒಂದೂ ತೀರ್ಮಾನವಾಗಿಲ್ಲ. ತಪ್ಪು ಮನುಷ್ಯನದಲ್ಲ, ಭಾಷೆಯದು. ನಾವು ಆಡುವ ಭಾಷೆ ಹಳೆಯ ಮನೆಯ ಮಾಳಿಗೆ ಇದ್ದ ಹಾಗೆ, ಎಲ್ಲಿ ನೋಡಿದರೂ ಸೋರುತ್ತದೆ. ಒಂದು ಹೊಸ ಭಾಷೆ ಕಟ್ಟಬೇಕು. ಅದರಲ್ಲಿ ಒಂದು ಹೆಸರಿಗೆ ಒಂದೇ ವಸ್ತು, ವಸ್ತುವಿಲ್ಲದ ಹೆಸರಿಗೆ ಜಾಗವಿಲ್ಲ. ವಸ್ತುಗಳು ಹೇಗೆ ಕೂಡಿಕೊಂಡಿವೆಯೋ ಮಾತುಗಳೂ ಹಾಗೆಯೇ ಕೂಡಿಕೊಳ್ಳಬೇಕು. ಅಂಥ ಭಾಷೆ ಸಿಕ್ಕಿತೆಂದರೆ ಯಾವ ಮಾತು ಖರೆ ಯಾವುದು ಸುಳ್ಳು ಎಂದು ಪರೀಕ್ಷಿಸಿ ನೋಡಬಹುದು. ಪರೀಕ್ಷೆಗೇ ಬಾರದ್ದು ಮಾತೇ ಅಲ್ಲ, ಬರೀ ಸಪ್ಪಳ. ಆಗ ಜಗತ್ತಿನ ಜಗಳಗಳಲ್ಲಿ ಮುಕ್ಕಾಲು ಪಾಲು ತಾವಾಗಿ ನಿಂತುಹೋಗುತ್ತವೆ. ಅದಕ್ಕೆ ಅವರು ಆದರ್ಶ ಭಾಷೆ ಎಂದು ಹೆಸರಿಟ್ಟರಂತೆ.

ನನ್ನ ಕಿವಿ ನೆಟ್ಟಗಾದವು. ನಮ್ಮ ಭಾಷೆಯಲ್ಲಿ ಅಷ್ಟೇನು ತಪ್ಪಿದೆ ಎಂದು ಕೇಳಿದೆ. ಅವನು ನಿಂತು, “ಪೋತ್ನಾಳದ ಸಮುದ್ರದ ನೀರು ಉಪ್ಪು. ಖರೇನೋ ಸುಳ್ಳೋ?” ಎಂದ. ಪೋತ್ನಾಳ ಮಾನ್ವಿ ತಾಲೂಕಿನದು, ಅಲ್ಲಿ ಭತ್ತದ ಗದ್ದೆಯಿದೆ, ಕಾಲುವೆಯಿದೆ, ಸಮುದ್ರ ಎಲ್ಲಿಂದ ಬರಬೇಕು? ಸುಳ್ಳು ಎಂದೆ. “ಹಂಗಾದ್ರ ಪೋತ್ನಾಳದ ಸಮುದ್ರದ ನೀರು ಸಿಹಿ ಅಂದಂಗಾತಲ್ಲ ಕಾಕಾ?” ಎಂದ. ಅರ್ಧ ತಲಾಬು ಸುತ್ತುವವರೆಗೂ ಅದನ್ನೇ ತಿರುವಿಹಾಕಿದೆ. ಇಲ್ಲದ ವಸ್ತುವಿಗೆ ಹೆಸರು ಕೊಟ್ಟುಬಿಟ್ಟರೆ ಹೌದು ಎಂದರೂ ಕಷ್ಟ, ಅಲ್ಲ ಎಂದರೂ ಕಷ್ಟ. ಆಮೇಲೆ ನಮ್ಮ ಊರಿನ ತೀನ್ ಕಂದೀಲ್ ನೆನಪಾಯಿತು. ಆ ಸರ್ಕಲ್ಲಿನಲ್ಲಿ ಕಂದೀಲು ಉರಿದದ್ದನ್ನು ನಾನಂತೂ ಕಂಡಿಲ್ಲ. ಆದರ್ಶ ಭಾಷೆ ಬಂದರೆ ಅಲ್ಲಿಗೆ ಹೋಗಲು ಯಾವ ಆಟೋದವನೂ ಒಪ್ಪಲಿಕ್ಕಿಲ್ಲ. ‘ಜರಾ ತಡೀರಿ’ ಎನ್ನುವ ಮಾತಂತೂ ಮೊದಲ ದಿನವೇ ಸಾಯುತ್ತದೆ. ನಮ್ಮ ಕಡೆಯ ‘ಜರಾ’ ಎಷ್ಟು ಹೊತ್ತಿನದು ಎಂದು ಅದನ್ನು ಉರ್ದುವಿನಿಂದ ನಮಗೆ ಬಿಟ್ಟುಹೋದ ನಿಜಾಮನ ಕಾಲದವರಿಗೂ ಗೊತ್ತಿರಲಿಕ್ಕಿಲ್ಲ.

ಆದರೆ ಆ ದಿನ ನನಗೆ ಆದದ್ದು ಅಚ್ಚರಿಯಲ್ಲ, ಹೆಮ್ಮೆ. ಯಾಕೆಂದರೆ ಆ ಪಂಡಿತರು ಹುಡುಕುತ್ತಿದ್ದ ಭಾಷೆಯನ್ನು ನಾನು ಕೆಲಸಕ್ಕೆ ಸೇರಿದ ವರ್ಷವೇ ಕಲಿತಿದ್ದೆ. ಮಾನ್ವಿಯ ಸಬ್‌ಸ್ಟೇಷನ್ನಿನಲ್ಲಿ ನಾನು ಆಪರೇಟರ್ ಆಗಿದ್ದೆ. ಮುಂದೆ ದೇವದುರ್ಗದಲ್ಲಿಯೂ ಇದ್ದು ಅಲ್ಲಿಯೇ ನಿವೃತ್ತನಾದೆ. ತಂತಿ ಹರಿದರೆ ಲೈನ್‌ಮನ್ ಕಂಬ ಹತ್ತಬೇಕು. ಹತ್ತುವ ಮೊದಲು ನಮಗೆ ಫೋನ್ ಮಾಡಿ ಇಂಥ ಲೈನು, ಇಂಥ ಜಾಗ, ಕರೆಂಟು ತೆಗೆಯಿರಿ ಎಂದು ಕೇಳಬೇಕು. ನಾವು ತೆಗೆದು, ಅವನ ಮಾತನ್ನು ಅವನಿಗೇ ತಿರುಗಿ ಹೇಳಿ, ‘ಲೈನ್ ಕ್ಲಿಯರ್ ಕೊಟ್ಟೆ’ ಎನ್ನಬೇಕು. ಅವನು ‘ಲೈನ್ ಕ್ಲಿಯರ್ ತಗೊಂಡೆ’ ಎನ್ನಬೇಕು. ಕೆಲಸ ಮುಗಿದ ಮೇಲೆ ತಗೊಂಡವನೇ ವಾಪಸ್ ಕೊಡಬೇಕು, ಬೇರೆ ಯಾರು ಕೊಟ್ಟರೂ ನಡೆಯದು. ಮಂದಿ ಇಳಿದರು, ತಂತಿಯನ್ನು ನೆಲಕ್ಕೆ ಕಟ್ಟಿದ್ದ ಸರಪಳಿ ಬಿಚ್ಚಿದೆವು, ಲೈನ್ ಕ್ಲಿಯರ್ ವಾಪಸ್ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದ ಮೇಲೆಯೇ ನಾವು ಹ್ಯಾಂಡಲ್ ಮುಟ್ಟುವುದು. ಅದರಲ್ಲಿ ‘ಬಹುಶಃ’ ಇಲ್ಲ, ‘ಆದಂಗ ಕಾಣ್ತದ’ ಇಲ್ಲ, ‘ಜರಾ’ ಇಲ್ಲವೇ ಇಲ್ಲ.

ಪೋತ್ನಾಳ ಕಡೆ ಖಾಜಾ ಎಂಬ ಲೈನ್‌ಮನ್ ಇದ್ದ. ಕೈಚಳಕದವನು, ಆದರೆ ಬಾಯಿ ಸಡಿಲು. ಒಂದು ಹಿಂಗಾರಿನ ಗಾಳಿಗೆ ತಂತಿ ಹರಿದು ಸಂಜೆಯವರೆಗೂ ಕೆಲಸ ನಡೆಯಿತು. ಪಂಪ್‌ಸೆಟ್ಟಿನ ರೈತರು ಅವನ ತಲೆಯ ಮೇಲೆ ಕೂತಿದ್ದರು. ಅವನು ಫೋನ್ ಮಾಡಿ “ಆತ್ರೀ ಸಾಹೇಬ್ರ, ಹಾಕ್ರಿ” ಎಂದ. ಏನು ಆಯಿತು, ಯಾರು ಯಾರು ಇಳಿದರು ಎಂದು ನಾನು ಕೇಳಿದೆ. “ಅಯ್ಯ, ಎಲ್ಲಾರೂ ಇಳದಾರ್ರೀ, ಹಾಕ್ರಿ ನೀವು” ಎಂದ. ಎಲ್ಲರೂ ಎಂದರೆ ಯಾರು, ಹೆಸರು ಹಿಡಿದು ಹೇಳು ಎಂದೆ. ಅವನು ಬೈದುಕೊಳ್ಳುತ್ತಾ ಹೆಸರು ಹಿಡಿಯಲು ಹೋದ, ನಡುವೆ ನಿಂತುಬಿಟ್ಟ. ಬೇವಿನ ಮರದ ಆಚೆಯ ಕಂಬದಲ್ಲಿ ಒಬ್ಬ ಇನ್ನೂ ಮೇಲೆಯೇ ಇದ್ದ. ಮರುದಿನ ಖಾಜಾ ಸ್ಟೇಷನ್ನಿಗೆ ಬಂದು ನನ್ನ ಟೇಬಲ್ಲಿನ ಮೇಲೆ ಒಂದು ಚೀಲ ಸೀತಾಫಲ ಇಟ್ಟು ಹೋದ. ಆ ಕಂಬದ ಮೇಲಿದ್ದವನು ಈಗ ಮೊಮ್ಮಕ್ಕಳನ್ನು ಶಾಲೆಗೆ ಬಿಟ್ಟು ಬರುತ್ತಾನೆ. ಆ ಭಾಷೆಯ ಬಗ್ಗೆ ಯಾರಾದರೂ ಹಗುರಾಗಿ ಮಾತಾಡಿದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ.

ನನ್ನ ತಪ್ಪು ಅದನ್ನು ಕಲಿತದ್ದರಲ್ಲಿಲ್ಲ, ಮನೆಗೆ ಹೊತ್ತು ತಂದದ್ದರಲ್ಲಿದೆ. ಕ್ವಾರ್ಟರ್ಸು ಸ್ಟೇಷನ್ನಿನ ಬೇಲಿಗೆ ಹತ್ತಿದ ಹಾಗೇ ಇತ್ತು. ಬೇಲಿ ದಾಟಿ ಬರುವಾಗ ಚಪ್ಪಲಿ ಕಳಚುತ್ತಿದ್ದೆ, ಆ ಭಾಷೆಯನ್ನು ಕಳಚುತ್ತಿರಲಿಲ್ಲ.

ನನ್ನ ಹೆಂಡತಿ ಶಾಂತಮ್ಮ ಕವಿತಾಳದವಳು. ಅವರ ಮನೆಯಲ್ಲಿ ಒಲೆ ಆರಿದರೂ ಮಾತು ಆರುತ್ತಿರಲಿಲ್ಲ. ಅಲ್ಲಿ ಯಾವ ಸುದ್ದಿಯೂ ನೆಟ್ಟಗೆ ಬಾಗಿಲಿನಿಂದ ಒಳಗೆ ಬರುವುದಿಲ್ಲ, ಹಿತ್ತಿಲು ಸುತ್ತಿ, ಬಾವಿಯ ಹತ್ತಿರ ನಿಂತು, ಎರಡು ಮನೆಯ ಸಂಬಂಧ ಹೇಳಿ ಆಮೇಲೆ ಬರುತ್ತದೆ. ಮದುವೆಯಾದ ಹೊಸತರಲ್ಲಿ ಒಂದು ದಿನ ಅವಳು “ಅಕ್ಕಿ ಹೆಚ್ಚ್ಯಾವ್ರಿ” ಎಂದಳು. ತುಂಬಿದ ಮನೆಯಲ್ಲಿ ‘ಇಲ್ಲ’, ‘ತೀರಿತು’ ಎಂಬ ಮಾತು ಹೆಣ್ಣುಮಕ್ಕಳ ಬಾಯಲ್ಲಿ ಬರಬಾರದು, ತೀರಿದ್ದನ್ನು ಹೆಚ್ಚಿತು ಎನ್ನಬೇಕು. ಇದು ನನ್ನ ತಾಯಿಯೂ ಪಾಲಿಸಿದ ಪದ್ಧತಿ, ನನಗೆ ಚೆನ್ನಾಗಿ ಗೊತ್ತು. ಆದರೂ ನಾನು ‘ಹೆಚ್ಚಿದ್ರ ಮಾರೋಣ, ಗಿರಾಕಿ ನೋಡ್ಲೇನು?’ ಎಂದೆ. ದೊಡ್ಡ ಚೇಷ್ಟೆ ಮಾಡಿದೆ ಎಂದುಕೊಂಡು ನಕ್ಕೆ. ಅವಳು ನಗಲಿಲ್ಲ. ಮುಂದಿನ ಸಲ “ಅಕ್ಕಿ ತೀರ್ಯಾವ” ಎಂದಳು, ಹೇಳುವಾಗ ದೇವರ ಜಗುಲಿಯ ಕಡೆ ಒಮ್ಮೆ ನೋಡಿದಳು. ನನಗೆ ಅದು ಗೆಲುವಾಗಿ ಕಂಡಿತು.

ಹೀಗೆಯೇ ಒಂದೊಂದು ಮಾತಿಗೂ ಆಯಿತು. ಕನಸು ಹೇಳಲು ಬಂದರೆ ಅದರಿಂದ ಏನು ಎಂದೆ. ಪಕ್ಕದ ಮನೆಯವರ ಸೊಸೆಯ ಮುಖ ಬಾಡಿದಂತಿತ್ತು ಎಂದರೆ ನೀನು ಕೇಳಿದೆಯಾ, ಅವಳು ಹೇಳಿದಳಾ, ಇಲ್ಲದಿದ್ದರೆ ಯಾಕೆ ಹೇಳುತ್ತೀ ಎಂದೆ. ತವರಿನ ನೆನಪು ಬಂತು ಎಂದರೆ ಹೋಗಬೇಕಾ, ಬೇಡವಾ, ಅದನ್ನು ಹೇಳು ಎಂದೆ. ಹೋಗಲಿಕ್ಕಲ್ಲ, ಹಾಗೇ ನೆನಪು ಬಂತು ಎಂದು ಅವಳು ಹೇಳುವಷ್ಟರಲ್ಲಿ ನಾನು ಪೇಪರ್ ತೆರೆದಿರುತ್ತಿದ್ದೆ. ಪರೀಕ್ಷೆಗೆ ಬಾರದ್ದೆಲ್ಲ ಬರೀ ಸಪ್ಪಳ ಎನ್ನುವ ಆ ಪಂಡಿತರ ಮಾತು ಇನ್ನೂ ನನ್ನ ಕಿವಿಗೆ ಬಿದ್ದಿರಲಿಲ್ಲ, ಆದರೆ ಅವರ ಶಿಷ್ಯನಾಗಿ ಆಗಲೇ ಬಹಳ ದೂರ ಹೋಗಿದ್ದೆ.

ಕೆಲವು ವರ್ಷಗಳಲ್ಲಿ ಅವಳ ಮಾತು ಲೈನ್ ಕ್ಲಿಯರಿನ ಮಾತಿಗಿಂತ ಬಿಗಿಯಾಯಿತು. ನಾನು ಪಾಳಿ ಮುಗಿಸಿ ಬಂದರೆ ವರದಿ ಸಿದ್ಧವಿರುತ್ತಿತ್ತು. ಹಾಲು ಬಂತು. ನೀರು ಬರಲಿಲ್ಲ. ನಿಮ್ಮ ಅಣ್ಣ ಬಂದು ಹೋದ. ಮಗನಿಗೆ ಜ್ವರ ಇಳಿದಿದೆ. ಎಲ್ಲವೂ ಖರೆ, ಎಲ್ಲವೂ ಪರೀಕ್ಷೆಗೆ ನಿಲ್ಲುವಂಥವು. ನಮ್ಮ ಮನೆಯಲ್ಲಿ ಜಗಳ ಎನ್ನುವುದೇ ಇರಲಿಲ್ಲ. ದೇವದುರ್ಗದ ಕ್ವಾರ್ಟರ್ಸಿನಲ್ಲಿ ಅಕ್ಕಪಕ್ಕದವರ ಮನೆಯಿಂದ ಪಾತ್ರೆ ಹೊರಗೆ ಹಾರಿ ಬೀಳುತ್ತಿದ್ದ ಕಾಲದಲ್ಲಿ ನಮ್ಮ ಮನೆಯಿಂದ ದನಿಯೂ ಹೊರಗೆ ಬರುತ್ತಿರಲಿಲ್ಲ. ಅವರು ಹೊಗಳಿದರೆ ನಾನು ಗಂಭೀರವಾಗಿ ‘ಮಾತು ಬಲ್ಲವನಿಗೆ ಜಗಳವಿಲ್ಲ’ ಎನ್ನುತ್ತಿದ್ದೆ. ಮಾತು ಬಲ್ಲವನು ನಾನು ಎಂಬ ಅರ್ಥದಲ್ಲಿ. ಮಾತೇ ಇಲ್ಲದ ಕಡೆಯೂ ಜಗಳವಿರುವುದಿಲ್ಲ ಎಂದು ಗಾದೆ ಮಾಡಿದವರು ಯಾಕೆ ಹೇಳದೆ ಬಿಟ್ಟರೋ.

ಇದನ್ನೆಲ್ಲ ಬರೆಯಲು ಕೈ ಸೋಲುತ್ತದೆ. ಮುದುಕರಿಗೆ ತಪ್ಪು ಒಪ್ಪಿಕೊಳ್ಳುವುದು ಸುಲಭ ಎಂದು ಜನ ತಿಳಿಯುತ್ತಾರೆ, ಇನ್ನೇನು ಕಳೆದುಕೊಳ್ಳುವುದಿದೆ ಎಂದು. ಹಾಗಲ್ಲ. ಹರೆಯದವನು ಒಪ್ಪಿಕೊಂಡರೆ ತಿದ್ದಿಕೊಳ್ಳಲು ಮುಂದೆ ಕಾಲವಿದೆ. ನಮಗೆ ಒಪ್ಪಿಕೊಳ್ಳುವಷ್ಟರಲ್ಲಿಯೇ ದಣಿವಾಗುತ್ತದೆ. ಈ ವರ್ಷ ಆದದ್ದು ಆಗದಿದ್ದರೆ ನಾನೂ ಒಪ್ಪಿಕೊಳ್ಳದೆ, ಮಗ ಸೊಸೆ ಕಟ್ಟಿದ ರಾಯಚೂರಿನ ಈ ಮನೆಯ ಜಗುಲಿಯ ಮೇಲೆ ಜಾಣನಂತೆ ಕೂತಿರುತ್ತಿದ್ದೆ.

ಬೇಸಿಗೆಯ ಕೊನೆಯಲ್ಲಿ ಶಾಂತಮ್ಮ ಕಸ ಹೊಡೆಯುತ್ತಾ ಅರ್ಧಕ್ಕೆ ಕೂತುಬಿಡುವುದನ್ನು ಕಂಡೆ. ಚಹಾ ಆರಿ ಹೋದರೂ ಕುಡಿಯುತ್ತಿರಲಿಲ್ಲ. ಏನಾಗಿದೆ ಎಂದು ಕೇಳಿದೆ. ಏನಿಲ್ಲ ಎಂದಳು. ನೋವಿದೆಯಾ? ಇಲ್ಲ. ಜ್ವರ? ಇಲ್ಲ. ಸೊಸೆ ಕೇಳಿದಳು, ಅದೇ ಉತ್ತರ ಬಂತು. ಆದರೂ ಮನಸ್ಸು ತಡೆಯದೆ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಚಿಕ್ಕ ವಯಸ್ಸಿನವರು, ತಾಳ್ಮೆಯವರು. ಎದೆ ನೋಯುತ್ತದೆಯೇ, ಹೊಟ್ಟೆ ನೋಯುತ್ತದೆಯೇ, ಎಲ್ಲಿ, ಯಾವ ಹೊತ್ತಿಗೆ ಎಂದು ಒಂದೊಂದಾಗಿ ಕೇಳಿದರು. ಇವಳು ಪಕ್ಕದಲ್ಲಿ ಕೂತ ನನ್ನ ಮುಖವನ್ನೊಮ್ಮೆ ನೋಡಿ, ಒಂದೊಂದಕ್ಕೂ ‘ಇಲ್ರಿ’ ಎಂದಳು. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಉಳಿದ ಹೆಂಗಸರ ಹಾಗೆ ಊರ ಕತೆ ಹೇಳದೆ ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಳಲ್ಲ ಎಂದು ನನಗೆ ಆಗ ಒಳಗೊಳಗೇ ಹೆಮ್ಮೆಯಾಗಿತ್ತು. ಡಾಕ್ಟರು ಶಕ್ತಿಗೆ ಗುಳಿಗೆ ಬರೆದುಕೊಟ್ಟು, ಬೇರೆ ಏನೇ ಅನಿಸಿದರೂ ಬಂದು ಹೇಳಬೇಕು ಎಂದು ಎರಡೆರಡು ಸಲ ಹೇಳಿ ಕಳಿಸಿದರು.

ಅದಾಗಿ ಕೆಲವು ದಿನಗಳಿಗೆ ಕವಿತಾಳದಿಂದ ಅವಳ ತಂಗಿ ಲಕ್ಷ್ಮವ್ವ ಬಂದಳು, ಒಂದು ಗಂಟು ಸಜ್ಜೆ ರೊಟ್ಟಿ ಕಟ್ಟಿಕೊಂಡು. ಮಧ್ಯಾಹ್ನ ಉಂಡು ನಾನು ಪಡಸಾಲೆಯಲ್ಲಿ ಅಡ್ಡಾದೆ. ಅಕ್ಕ ತಂಗಿ ಅಡುಗೆಮನೆಯಲ್ಲಿದ್ದರು. ಜೊಂಪು ಹತ್ತುವ ಹೊತ್ತಿಗೆ ಒಂದು ದನಿ ಕೇಳಿತು. ಲಕ್ಷ್ಮವ್ವನದಲ್ಲ, ಸೊಸೆ ಪಾಠ ಮಾಡಲು ಶಾಲೆಗೆ ಹೋಗಿದ್ದಳು. ಏರುತ್ತಾ ಇಳಿಯುತ್ತಾ, ನಡುವೆ ನಗುತ್ತಾ, ಒಂದು ಮಾತಿನ ಬಾಲಕ್ಕೆ ಇನ್ನೊಂದು ಮಾತು ಕಟ್ಟುತ್ತಾ ಹೋಗುವ ದನಿ. ಯಾರೋ ಓಣಿಯ ಹೆಂಗಸು ಬಂದಿರಬೇಕು ಎಂದುಕೊಂಡೆ. ಸ್ವಲ್ಪ ಹೊತ್ತು ಬೇಕಾಯಿತು ಅದು ನನ್ನ ಹೆಂಡತಿಯ ದನಿ ಎಂದು ತಿಳಿಯಲು.

“ಸಂಜಿ ಆತಂದ್ರ ಎದಿಮ್ಯಾಲೆ ಯಾರೋ ಹಸೀ ಕಂಬಳಿ ಹಾಸಿದಂಗ ಆಗ್ತದ ಲಚ್ಚವ್ವ” ಎನ್ನುತ್ತಿದ್ದಳು. “ನೋವಲ್ಲ ಅದು. ಭಾರ. ಈ ಎಡಗೈ ಅಂತೂ ನಂದೇ ಅಲ್ಲ, ಯಾರದೋ ಮನಿಯಿಂದ ಕಡಾ ತಂದಂಗ ಅನಸ್ತದ. ಜರಾ ಕೂತ್ರ ಕಂಬಳಿ ತಗದಂಗ ಆಗ್ತದ.”

“ಭಾವಾಗ ಹೇಳೀಯೇನು?” ಎಂದಳು ತಂಗಿ.

“ಏನಂತ ಹೇಳ್ಲಿ? ಕಂಬಳಿ ಅಂದ್ರ ಯಾವ ಕಂಬಳಿ ಅಂತಾರ. ನನಗ ಸರಿಯಾಗಿ ಗೊತ್ತಾಗಲಿ, ಆಮ್ಯಾಲೆ ಹೇಳ್ತೀನಿ.”

ಇಬ್ಬರೂ ನಕ್ಕರು. ನನ್ನ ಬಗ್ಗೆ ಸಿಟ್ಟಿನಿಂದ ನಕ್ಕಿದ್ದರೆ ತಡೆದುಕೊಳ್ಳುತ್ತಿದ್ದೆ. ಹಳೆಯ ಮನೆಯ ತಗ್ಗಾದ ಬಾಗಿಲಿನ ಬಗ್ಗೆ ನಗುವ ಹಾಗೆ ನಕ್ಕರು. ಬಾಗಿಲು ಎತ್ತರವಾಗುವುದಿಲ್ಲ, ನಾವೇ ತಲೆ ಬಗ್ಗಿಸಿ ನಡೆದರಾಯಿತು ಎನ್ನುವಂಥ ನಗು.

ನಾನು ಸೂರು ನೋಡುತ್ತಾ ಮಲಗಿದ್ದೆ. ಎದೆಯ ಭಾರ, ಎಡಗೈ ಎಂದರೆ ಏನಿರಬಹುದು ಎಂದು ತಿಳಿಯದಷ್ಟು ದಡ್ಡನೇನಲ್ಲ, ನಮ್ಮ ಆಮ್ ತಲಾಬಿನ ಗುಂಪಿನಲ್ಲಿಯೇ ಇಬ್ಬರು ಹಾಗೆ ಹೋಗಿದ್ದಾರೆ. ಡಾಕ್ಟರು ಕೇಳಿದ್ದು ನೋವನ್ನು, ಇವಳಿಗೆ ನೋವಿರಲಿಲ್ಲ, ಇಲ್ಲ ಎಂದಳು. ಅವಳು ಹೇಳಿದ್ದರಲ್ಲಿ ಸುಳ್ಳು ಒಂದೂ ಇಲ್ಲ. ನಾನು ಕಲಿಸಿದ ಭಾಷೆಯಲ್ಲಿ ಅವಳು ಒಂದೂ ತಪ್ಪಿಲ್ಲದೆ ಉತ್ತರಿಸಿ, ಆ ಕಂಬಳಿಯನ್ನು ಹಾಗೆಯೇ ಹೊದ್ದುಕೊಂಡು ಮನೆಗೆ ಬಂದಿದ್ದಳು. ಅದು ಖಾತ್ರಿಯಾಗುವವರೆಗೆ ಕಾಯುತ್ತಿದ್ದಳು. ಖಾತ್ರಿಯಾಗುವುದು ಎಂದರೆ ಏನಾಗುವುದು ಎಂದು ಯೋಚಿಸಿದಾಗ ಮಲಗಿರಲು ಆಗಲಿಲ್ಲ.

ಎದ್ದು ಅಡುಗೆಮನೆಯ ಬಾಗಿಲಿಗೆ ಹೋದೆ. ಫ್ಯೂಸ್ ಹೋದ ಹಾಗೆ ಇಬ್ಬರ ಮಾತೂ ಒಮ್ಮೆಲೇ ನಿಂತಿತು. ಲಕ್ಷ್ಮವ್ವ ಸುಮ್ಮನಿರುವವಳಲ್ಲ. “ಯಾಕ್ರೀ ಭಾವಾರ, ನಿಮ್ಮ ಮುಂದ ಮಾತಾಡಬೇಕಂದ್ರ ಮೊದ್ಲ ಕಂಬದಿಂದ ಇಳದೀವಿ ಅಂತ ಹೇಳಬೇಕೇನ್ರಿ?” ಎಂದಳು. ನಾನು ಶಾಂತಮ್ಮನನ್ನು ನೋಡಿ, “ಆ ಕಂಬಳಿ ಈಗ ಅದ ಏನು?” ಎಂದೆ.

ಅವಳು ನನ್ನನ್ನೇ ನೋಡಿದಳು. “ಜರಾ ಅದ” ಎಂದಳು.

ಮೊದಲ ಬಾರಿಗೆ ನನಗೆ ಆ ‘ಜರಾ’ ಎಷ್ಟು ಎಂದು ಪೂರ್ತಿ ಅರ್ಥವಾಯಿತು. ಬಿಸಿಲಲ್ಲಿಯೇ ಆಟೋ ಕರೆತಂದೆ. ಡಾಕ್ಟರಮ್ಮ ಮತ್ತೆ ಕೇಳತೊಡಗಿದರು, ಇವಳು ಮತ್ತೆ ನನ್ನ ಕಡೆ ನೋಡಿದಳು, ಬಾಯಲ್ಲಿ ‘ಇಲ್ರಿ’ ಸಿದ್ಧವಾಗುತ್ತಿರುವುದು ಕಂಡಿತು. ಆಗ ನಾನು ಮಾಡಿದ್ದು ಒಂದೇ, ಅದನ್ನು ಮಾಡಲು ಕಷ್ಟವಾಯಿತು ಎಂದೇ ಹೇಳಬೇಕು. ಎದ್ದು ಹೊರಗೆ ಹೋದೆ. ಹೋಗುವಾಗ ಲಕ್ಷ್ಮವ್ವನಿಗೆ, “ನೀ ಒಳಗ ಕೂಡವ್ವ, ನಿಮ್ಮ ಮನಿಯಾಗ ಮಾತಾಡಿದಂಗ ಮಾತಾಡ್ರಿ” ಎಂದೆ. ಗಂಡನಾದವನು ಹೆಂಡತಿಯ ಕಾಯಿಲೆಗೆ ಮಾಡಬಹುದಾದ ದೊಡ್ಡ ಉಪಕಾರ ಎಂದರೆ ಕೋಣೆಯಿಂದ ಹೊರಗೆ ಹೋಗುವುದು ಎಂದು ತಿಳಿಯುವ ಹೊತ್ತಿಗೆ ನನ್ನ ತಲೆಯಲ್ಲಿ ಕಪ್ಪು ಕೂದಲು ಒಂದೂ ಉಳಿದಿರಲಿಲ್ಲ.

ಹೊರಗಿನ ಬೆಂಚಿನ ಮೇಲೆ ಕೂತೆ. ಬಾಗಿಲಿನ ಆಚೆಯಿಂದ ಮಾತು ಕೇಳುತ್ತಿತ್ತು, ಅಕ್ಷರ ತಿಳಿಯುತ್ತಿರಲಿಲ್ಲ. ಬಾವಿ ಸುತ್ತಿ, ಹಿತ್ತಿಲು ಸುತ್ತಿ ಬರುತ್ತಿದೆ ಎಂದು ಮಾತ್ರ ತಿಳಿಯಿತು. ಆಮೇಲೆ ಒಮ್ಮೆಲೇ ಓಡಾಟ ಶುರುವಾಯಿತು. ಎದೆಯ ಇಸಿಜಿ ಪಟ್ಟಿ ತೆಗೆದರು, ದೊಡ್ಡ ಆಸ್ಪತ್ರೆಗೆ ಈಗಲೇ ಹೋಗಬೇಕು ಎಂದರು. ಹೃದಯಕ್ಕೆ ರಕ್ತ ಹೋಗುವ ದಾರಿ ಸಣ್ಣದಾಗಿತ್ತು. ಅಲ್ಲಿ ಅದನ್ನು ಅಗಲ ಮಾಡಿ, ಕೆಲವು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ಆ ಡಾಕ್ಟರಮ್ಮ ನನಗೆ ಹೇಳಿದ್ದು ಇಷ್ಟೇ: “ಅಜ್ಜಿ ಭಾಳ ಛಲೋ ಹೇಳಿದ್ರು. ಇಷ್ಟು ಸ್ಪಷ್ಟ ಯಾರೂ ಹೇಳಂಗಿಲ್ರಿ.”

ಸ್ಪಷ್ಟ. ಹಸಿ ಕಂಬಳಿ, ಕಡ ತಂದ ಕೈ. ನಾನು ಜೀವಮಾನವೆಲ್ಲ ಯಾವುದನ್ನು ಸಪ್ಪಳ ಎಂದು ಬಾಗಿಲ ಹೊರಗೆ ನಿಲ್ಲಿಸಿದ್ದೆನೋ ಅದಕ್ಕೆ ಓದಿದವರು ಇಟ್ಟ ಹೆಸರು ಇದು.

ಇದನ್ನೆಲ್ಲ ಭೀಮರಾಯನಿಗೆ ಹೇಳಿದೆ. ಅವನು ನಗಲಿಲ್ಲ. ಆ ಪಂಡಿತರಲ್ಲಿಯೇ ಕೆಲವರು ಮುಂದೆ ದಣಿದರು ಕಾಕಾ ಎಂದ. ಭಾಷೆಯನ್ನು ಸೋರುವ ಮಾಳಿಗೆ ಎಂದು ಬೈದವರೇ ಆಮೇಲೆ, ಜನ ಅದರ ಕೆಳಗೆ ಇಷ್ಟು ವರ್ಷ ಸಂಸಾರ ಮಾಡಿದ್ದಾರಲ್ಲ, ಹೇಗೆ ಮಾಡಿದರು ಎಂದು ನೋಡಲು ಬಂದರಂತೆ. ನೋಡಿದರೆ ಮಾತಿನ ಕೆಲಸ ಒಂದೇ ಅಲ್ಲ. ಕೇಳುವುದು, ಬೇಡುವುದು, ಸಮಾಧಾನ ಮಾಡುವುದು, ಸುಮ್ಮನೆ ಜೊತೆಗೆ ಕೂಡುವುದು, ಇವಕ್ಕೆಲ್ಲ ಒಂದೇ ಅಳತೆಗೋಲು ಹಿಡಿದರೆ ನಡೆಯುವುದಿಲ್ಲ ಎಂದು ಕಂಡಿತಂತೆ. ಅವರಿಗೂ ಮನೆಯಲ್ಲಿ ಏನಾದರೂ ಆಗಿತ್ತೇನೋ ಎಂದು ಕೇಳಿದೆ. ಪುಸ್ತಕದಲ್ಲಿ ಅದನ್ನು ಬರೆದಿಲ್ಲ ಎಂದ. ಬರೆಯುವುದಿಲ್ಲ ಬಿಡು, ಅಂಥದ್ದನ್ನು ಬರೆಯುವುದು ನನ್ನಂಥವರು.

ಹಾಗೆಂದು ನಾನು ಆ ಭಾಷೆಯನ್ನು ದೂಷಿಸುವುದಿಲ್ಲ. ಕಂಬದ ಮೇಲೆ ಮನುಷ್ಯನಿರುವಾಗ ಅದೇ ಬೇಕು, ಅಲ್ಲಿ ಕಂಬಳಿಯ ಮಾತಿಗೆ ಜಾಗವಿಲ್ಲ. ಇಡೀ ಜಗತ್ತೇ ಕಂಬದ ಮೇಲಿದೆ ಎಂದುಕೊಂಡದ್ದು ನನ್ನ ದಡ್ಡತನ.

ಈಗ ನಾನು ತಿದ್ದಿಕೊಂಡಿದ್ದೇನೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಮೊನ್ನೆ ಸಂಜೆ ಶಾಂತಮ್ಮ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಳು. ಡಾಕ್ಟರು ಎಲ್ಲ ಸರಿಯಿದೆ ಎಂದು ಅಂದೇ ಹೇಳಿ ಕಳಿಸಿದ್ದರು. ಇದ್ದಕ್ಕಿದ್ದಂತೆ, “ಯಾಕೋ ಒಂಥರಾ ಆಗ್ತದ ನೋಡ್ರಿ” ಎಂದಳು. ನನ್ನ ಬಾಯಿಗೆ ಹಳೆಯ ಪ್ರಶ್ನೆ ಬಂದೇಬಿಟ್ಟಿತ್ತು. ಕಂಬಳಿಯೇ ಎಂಬ ಹೆದರಿಕೆ ಬೇರೆ. ಅವಳು ಮುಖ ನೋಡಿಯೇ, ಅದಲ್ಲ ಎಂದು ಕೈಯಾಡಿಸಿದಳು. ಸರಿ, ಈ ಸಲ ಒಳ್ಳೆಯ ಮನುಷ್ಯನಂತೆ ಉತ್ತರ ಕೊಡೋಣ ಎಂದು, “ಹೌದು, ನನಗೂ ಹಂಗ ಆಗ್ತದ” ಎಂದೆ.

ಅವಳು ತಿರುಗಿ ನೋಡಿದಳು. “ನನಗ ಹೆಂಗ ಆಗ್ತದಂತ ನಿಮಗ ಹೆಂಗ ಗೊತ್ತು?”

ಪೋತ್ನಾಳದ ಸಮುದ್ರಕ್ಕಿಂತ ಕಠಿಣವಾದ ಪ್ರಶ್ನೆ. “ಗೊತ್ತಿಲ್ಲ” ಎಂದೆ. ಅವಳಿಗೆ ನಗು ಬಂತು. ಸರಿದು ಮೆಟ್ಟಿಲ ಮೇಲೆ ಜಾಗ ಮಾಡಿದಳು. ನಾನು ಕೂತ ಮೇಲೆ ಹೇಳಲು ಶುರುಮಾಡಿದಳು, ಎಲ್ಲಿಂದಲೋ. ಅವಳ ತಾಯಿ ಸಾಕಿದ್ದ ಒಂದು ಆಡು ಇತ್ತಂತೆ, ಅದರ ಒಂದು ಕೋಡು ಸೊಟ್ಟಗಿತ್ತಂತೆ, ಅದು ಒಂದು ದಿನ ಹಗ್ಗ ಹರಿದುಕೊಂಡು ಹೋಯಿತಂತೆ. ಅಷ್ಟರಲ್ಲಿ ಮಗ ಸೊಸೆ ಬಂದರು, ಹಾಲು ಬಂತು, ಕತೆ ನಿಂತಿತು. ಮರುದಿನ ಮತ್ತೆ ಎತ್ತಿಕೊಂಡಳು. ಆ ಒಂಥರಾಗೂ ಆ ಆಡಿಗೂ ಏನು ಸಂಬಂಧ ಎಂದು ನನಗೆ ಇನ್ನೂ ತಿಳಿದಿಲ್ಲ. ನಾನು ಕೇಳಿಯೂ ಇಲ್ಲ. ಆಡು ಸದ್ಯಕ್ಕೆ ಸಿರವಾರದ ರಸ್ತೆ ಹಿಡಿದಿದೆ, ನಿಧಾನವಾಗಿ ನಡೆಯುತ್ತಿದೆ, ದಾರಿಯಲ್ಲಿ ಸಿಕ್ಕ ಬೇಲಿಗೆಲ್ಲ ಬಾಯಿ ಹಾಕುತ್ತಿದೆ. ಅದರ ಹಿಂದೆ ನಡೆಯುವಷ್ಟು ಕಸುವು ನನ್ನ ಕಾಲಿನಲ್ಲಿ ಇನ್ನೂ ಇದೆ ಎಂದು ಕಾಣುತ್ತದೆ.